ನೀರುಗಂಟಿಯ ಕೀಲಿ

"ಸಂಜೆ ಸ್ಮಾರ್ಟ್ ಸಿಟಿ ಸಭೆಗೆ ಮಂತ್ರಿಗಳು ಬರ್ತಾರೆ. ಬೀದಿ ಬೀದಿ ಸುತ್ತೋನು ನೀನು, ಜನರನ್ನ ಕರ್ಕೊಂಡು ಬಾ. ಸಭಾಂಗಣ ತುಂಬದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!" ಎಂದು ನಗರಸಭೆಯ ಕಮಿಷನರ್ ಗುಡುಗಿದರು.

ಊರಿಗೆ ನೀರು ಬಿಡುವ ನೀರುಗಂಟಿ ತಲೆ ಕೆರೆದುಕೊಂಡ. ವಾರದಿಂದ ನಲ್ಲಿಯಲ್ಲಿ ನೀರು ಕಾಣದ ಜನ ಭಾಷಣ ಕೇಳಲು ಬರುತ್ತಾರೆಯೇ? ದಿಗಿಲಿನಲ್ಲೇ ಅವನು ವಾಲ್ವ್ ತಿರುಗಿಸುವ ಉದ್ದನೆಯ ಕೀಲಿಯನ್ನು ಹೆಗಲಿಗೇರಿಸಿ ಬೀದಿಗಿಳಿದ. ಆ ಕೀಲಿ ಹೋದಲ್ಲಿ ನೀರು ಬರುತ್ತದೆಂದು ಊರಿಗೇ ಗೊತ್ತು. ಖಾಲಿ ಕೊಡ ಹಿಡಿದು ಓಣಿಗೆ ಓಣಿಯೇ ಬೆನ್ನು ಹತ್ತಿತು. ತಿರುಗಿ ನೋಡಲೂ ಅವನಿಗೆ ಭಯ. ನೇರ ಸಭಾಂಗಣದೊಳಕ್ಕೆ ನಡೆದ. ಕೊಡಗಳೂ ನಡೆದವು.

"ನೀರೆಲ್ಲೋ?" ಎಂದು ಕೊಡ ಹಿಡಿದು ಬಂದಿದ್ದ ಮುದುಕಿ ಚೆನ್ನಾಜಮ್ಮ ಅವನ ಕೊರಳಪಟ್ಟಿ ಹಿಡಿದಳು.

ಅವನು ವೇದಿಕೆಯತ್ತ ಬೆರಳು ತೋರಿಸಿದ. "ನನ್ನ ಹತ್ರ ಬರೀ ಕೀಲಿ ಇದೆ ಅಜ್ಜಿ. ನೀರು ಬಿಡು ಅನ್ನೋರು ಅಲ್ಲಿ ಕೂತಿದ್ದಾರೆ."

ತುಂಬಿದ ಸಭೆ ಕಂಡು ಹಿಗ್ಗಿದ ಮಂತ್ರಿಗಳು ಭಾಷಣ ಮುಗಿಸಿದರು. ಒಂದು ಚಪ್ಪಾಳೆಯೂ ಇಲ್ಲ. ಎಲ್ಲರ ಕಣ್ಣೂ ಕಮಿಷನರ್ ಮೇಲೆ.

"ಚಪ್ಪಾಳೆ ತಟ್ಟಿಸೋ!" ಎಂದು ಕಮಿಷನರ್ ವೇದಿಕೆ ಇಳಿದು ಬಂದು ನೀರುಗಂಟಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಕೈಯಲ್ಲಿ ಕೊಡ ಇದೆ ಸಾರ್. ಅದು ತುಂಬೋವರೆಗೂ ಕೈ ಖಾಲಿಯಾಗಲ್ಲ."

ಆ ಸಂಜೆ ಕೀಲಿಯ ಹಿಂದೆ, ಕೊಡಗಳ ನಡುವೆ, ನೀರು ಬಿಡಿಸಲು ಕಮಿಷನರೂ ನಡೆದರು.