ಗುರುತಿಲ್ಲದ ಅಂಗಿ

ಊರಿನ ಬಟ್ಟೆಯನ್ನೆಲ್ಲ ಮಡಿವಾಳರ ದೇವೀರಮ್ಮ ಒಂದೇ ಹಂಡೆಯಲ್ಲಿ ಬೇಯಿಸುತ್ತಿದ್ದಳು. ಯಾವುದು ಯಾರದೆಂದು ತಿಳಿಯಲು ಅವಳಿಗಿದ್ದ ದಾರಿ ಒಂದೇ, ಬಟ್ಟೆಯ ಒಳಮೂಲೆಯಲ್ಲಿ ಕರಿಮಸಿಯ ಗುರುತು. ಶಾನುಭೋಗರಿಗೆ ಎರಡು ಚುಕ್ಕೆ, ಬಳೆಗಾರನಿಗೆ ಒಂದು ಗೆರೆ.

ಒಂದು ದಿನ ನಿವೃತ್ತ ಅಮಲ್ದಾರ್ ಭುಜಂಗರಾಯರು ತಮ್ಮ ಅಂಗಿಯನ್ನು ತಿರುಗಿಸಿ ನೋಡಿ ಕೆರಳಿದರು.

"ಬಳೆಗಾರನ ಅಂಗಿಗೂ ಗುರುತು, ನನ್ನದಕ್ಕೂ ಗುರುತೇ? ಇನ್ನೊಂದು ಸಲ ಕಂಡರೆ ಈ ಊರಲ್ಲಿ ನಿನಗೆ ಬಟ್ಟೆ ಹಾಕುವವರೇ ಇಲ್ಲದ ಹಾಗೆ ಮಾಡುತ್ತೇನೆ!"

ಮಾಡುವ ಮನುಷ್ಯನೇ. ದೇವೀರಮ್ಮ ತಲೆ ತಗ್ಗಿಸಿ ಯೋಚಿಸಿದಳು.

"ಆಗಲಿ ಬುದ್ಧಿ. ಇನ್ನು ಮೇಲೆ ಗುರುತಿಲ್ಲದ್ದೆಲ್ಲ ತಮ್ಮದು."

"ಹಾಗೆ ಬಾ ದಾರಿಗೆ," ಎಂದರು ರಾಯರು.

ಮುಂದಿನ ವಾರ ರಾಯರು ಜಗಲಿಯಲ್ಲಿ ಬೀಗರೊಂದಿಗೆ ಕೂತಿದ್ದಾಗ ದೇವೀರಮ್ಮ ಬಂದು ಗಂಟು ಬಿಚ್ಚಿದಳು. ಅಂಗಿ ಬಂತು, ಪಂಚೆ ಬಂತು. ಅದರ ಹಿಂದೆಯೇ ಯಾರೋ ಹೊಳೆದಂಡೆಯಲ್ಲಿ ಬಿಟ್ಟುಹೋದ ಹರಕು ಲಂಗೋಟಿ ಬಂತು. ಕತ್ತೆಯ ಬೆನ್ನಿಗೆ ಹಾಕುವ ಗೋಣಿಯೂ ಬಂತು. ಅದನ್ನೂ ಒಗೆದು, ಒಪ್ಪವಾಗಿ ಮಡಿಸಿದ್ದಳು.

"ಏನೇ ಇದು?"

"ತಿರುಗಿಸಿ ಮುರುಗಿಸಿ ನೋಡಿದೆ ಬುದ್ಧಿ. ಎಲ್ಲೂ ಗುರುತಿಲ್ಲ. ಅಂದಮೇಲೆ ತಮ್ಮದೇ," ಎಂದಳು, ದೇವರ ಮುಂದೆ ನಿಂತವಳಷ್ಟು ಗಂಭೀರವಾಗಿ.

ಬೀಗರು ಲಂಗೋಟಿಯನ್ನು ನೋಡಿದರು, ರಾಯರನ್ನು ನೋಡಿದರು, ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

ರಾಯರು ಅವಳನ್ನು ಹಿತ್ತಲಿಗೆ ಕರೆದರು. "ಗುರುತು ಹಾಕು," ಎಂದರು.

"ಎಷ್ಟು ಚುಕ್ಕೆ ಬುದ್ಧಿ?"

ರಾಯರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಶಾನುಭೋಗನಿಗಿಂತ ಒಂದು ಜಾಸ್ತಿ ಇರಲಿ."