ಪಿಳ್ಳಮ್ಮನ ಮಗ ಲಾರಿ ನೋಡಿದ್ದು

ಗುರುವಾರ ಬೆಳಿಗ್ಗೆ ಪಿಳ್ಳಮ್ಮ ಎಂದಿನಂತೆ ಟೊಮೆಟೊ ಕ್ರೇಟುಗಳನ್ನು ಬದುವಿನ ಮೇಲೆ ಜೋಡಿಸಿ ಬಾಡಿಗೆ ಲಾರಿಗೆ ಕಾದಳು. ಲಾರಿ ಬರಲಿಲ್ಲ. "ಗಾಡಿ ಮಾರಿಬಿಟ್ಟೆ ಕಣಮ್ಮ" ಅಂದ ಲಾರಿಯವನು ಫೋನಿನಲ್ಲಿ. ಕೊಯ್ದ ಹಣ್ಣು ಅಲ್ಲೇ ಕೊಳೆಯಿತು. ಮುಂದಿನ ಕೊಯ್ಲಿಗೆ ಐದೇ ದಿನ. ಅಷ್ಟರೊಳಗೆ ಸ್ವಂತ ಲಾರಿ ಆಗಬೇಕು. ತೀರ ದೊಡ್ಡದಲ್ಲ, ತೀರ ಚಿಕ್ಕದಲ್ಲ, ನಡುವಿನದು.

ಕೋಲಾರದಲ್ಲಿ ಅಂಥವು ಮೂರು ಕಂಪನಿಯವು ಇದ್ದವು. ಮೂತಿಯ ಮೇಲಿನ ಚಿತ್ರ ನೋಡಿ ಜನ ಅವನ್ನು ಕರಡಿ ಲಾರಿ, ಜಿಂಕೆ ಲಾರಿ, ಗಿಡುಗ ಲಾರಿ ಅನ್ನುತ್ತಿದ್ದರು. ನೋಡಿ ಬರಲು ಇದ್ದವನು ಒಬ್ಬನೇ ಮಗ, ಬಚ್ಚಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಕಷ್ಟ.

"ಬಾಯಿ ಬಿಡಬೇಡ. ಸುಮ್ಮನೆ ನೋಡಿಕೊಂಡು ಬಾ!"

ಶುಕ್ರವಾರ ಬಚ್ಚಪ್ಪ ಕರಡಿ ಲಾರಿಯ ಮುಂದೆ ಬಾಯಿ ಮುಚ್ಚಿ ನಿಂತ. ಅಂಗಡಿಯವರು ಬಾಗಿಲು ಹಾಕುವವರೆಗೂ ನೋಡಿದ.

"ಎಷ್ಟು ಹೊರುತ್ತಂತೋ?" ಮನೆಗೆ ಬಂದಾಗ ಪಿಳ್ಳಮ್ಮ ಕೇಳಿದಳು.

"ನೀನು ಬಾಯಿ ಬಿಡಬೇಡ ಅಂದಿದ್ದೆಯಲ್ಲ?"

"ಅಯ್ಯೋ ನನ್ನ ಕರ್ಮವೇ! ನೋಡೋಕೆ ಹೋದರೆ ಕೇಳಬೇಕು ಕಣೋ! ಎಷ್ಟು ಹೊರುತ್ತೆ, ಎಷ್ಟು ಕುಡಿಯುತ್ತೆ, ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ?"

"ಆಗಲಮ್ಮ, ಕೇಳ್ತೀನಿ."

ಮಾರನೆಯ ದಿನ ಸೋದರಮಾವ ಯರ್ರಪ್ಪ ದಾರಿಯಲ್ಲಿ ಸಿಕ್ಕು, ತನ್ನ ಮಗನಿಗೆ ಹೆಣ್ಣು ನೋಡಲು ಇವನನ್ನೂ ಕರೆದೊಯ್ದ. ಹುಡುಗಿ ಕಾಫಿ ತಂದಳು. ನೋಡೋಕೆ ಬಂದದ್ದಲ್ಲವೇ? ಬಚ್ಚಪ್ಪ ಕೇಳಿದ.

"ಎಷ್ಟು ಹೊರುತ್ತಾಳೆ? ಎಷ್ಟು ಕುಡಿಯುತ್ತಾಳೆ? ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ?"

ಯರ್ರಪ್ಪ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿ ಬಂದ. "ಅಕ್ಕಾ, ನಿನ್ನ ಮಗನನ್ನು ಕಟ್ಟಿಹಾಕು!"

"ಮುಂಡೇದೇ! ಹೆಸರೇನಮ್ಮ ಅನ್ನಬೇಕು, ಹಾಡು ಬರುತ್ತಾ ಅನ್ನಬೇಕು, ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅನ್ನಬೇಕು!"

"ಆಗಲಮ್ಮ, ಅಂತೀನಿ."

ಮೂರನೆಯ ದಿನ ಜಿಂಕೆ ಲಾರಿಯ ಹತ್ತಿರ ಹೋಗಿ ತಲೆ ಬಗ್ಗಿಸಿದ. "ಹೆಸರೇನಮ್ಮ? ಹಾಡು ಬರುತ್ತಾ?"

ಅಂಗಡಿಯ ಹುಡುಗಿ ನಗು ತಡೆಯಲಾರದೆ ಹಾರನ್ನು ಒತ್ತಿದಳು.

"ಕಂಠ ಚೆನ್ನಾಗಿದೆ. ಉಪ್ಪಿಟ್ಟು ತನ್ನಿ."

ಉಪ್ಪಿಟ್ಟು ಬರಲಿಲ್ಲ. ತಿನ್ನದೆ ಏಳುವ ಹಾಗಿಲ್ಲವಲ್ಲ! ಸಂಜೆ ವಾಚ್‌ಮನ್ ಬಂದು ಎಬ್ಬಿಸಿದ.

ಪಿಳ್ಳಮ್ಮ ಹಣೆ ಹಣೆ ಚಚ್ಚಿಕೊಂಡಳು. "ನಾಳೆ ಬಿಟ್ಟು ನಾಡಿದ್ದು ಕೊಯ್ಲು ಕಣೋ! ಕೇಳೋದೂ ಬೇಡ, ಹಾಡಿಸೋದೂ ಬೇಡ. ಟಾರು ರಸ್ತೆಯಲ್ಲಿ ಯಾವುದಾದರೂ ಓಡುತ್ತೆ. ಮೂರನ್ನೂ ಇಲ್ಲಿಗೇ ಕರೆಸು. ನಮ್ಮ ಹೊಲದಲ್ಲಿ ಓಡಿಸಿ ನೋಡಬೇಕು!"

"ಆಗಲಮ್ಮ, ಓಡಿಸ್ತೀನಿ."

ಮಂಗಳವಾರ ಬೆಳಿಗ್ಗೆ ಪಿಳ್ಳಮ್ಮ ಪಕ್ಕದೂರಿಗೆ ಕೊಯ್ಲಿನ ಆಳು ಕರೆಯಲು ಹೋದಳು. ಅತ್ತ ಅವಳು ಹೋದಳು, ಇತ್ತ ಮೂರು ಲಾರಿಯೂ ಬಂದವು.

"ಎಲ್ಲಿ ಓಡಿಸೋಣಣ್ಣ?" ಅಂದರು ಡ್ರೈವರುಗಳು.

"ಹೊಲದಲ್ಲಿ."

"ಗಿಡದ ತುಂಬ ಹಣ್ಣಿದೆಯಲ್ಲಣ್ಣ! ಬದುವಿನ ಮೇಲೆ ಓಡಿಸಿದರೆ ಆಗಲ್ವಾ?"

"ನಮ್ಮಮ್ಮ ಹೊಲ ಅಂದಳು. ಬದು ಅನ್ನಲಿಲ್ಲ. ಮೂರೂ ಓಡಬೇಕು, ಆ ತುದಿಯಿಂದ ಈ ತುದಿಗೆ!"

ಪಿಳ್ಳಮ್ಮ ಎಂಟು ಆಳುಗಳನ್ನು ಕರೆದುಕೊಂಡು ಬಂದಾಗ ಬಚ್ಚಪ್ಪ ಮೊಣಕಾಲವರೆಗೆ ಕೆಂಪಾಗಿ ಎದುರಿಗೆ ಓಡಿ ಬಂದ.

"ಅಮ್ಮಾ, ಮೂರೂ ಚೆನ್ನಾಗಿ ಓಡಿದವು! ಒಂದೂ ಹೂತುಕೊಳ್ಳಲಿಲ್ಲ!"

ಕೊಯ್ಯಲು ಒಂದು ಸಾಲು ಉಳಿದಿತ್ತು.