ಹಿಪ್ಪೆ ಹೂವಿನ ಕರಡಿ

ಹಿಪ್ಪೆ ಮರದಡಿ ಬಿದ್ದು ಹುಳಿಬಂದ ಹೂವನ್ನು ತಿಂದು ಅಮಲೇರಿಸಿಕೊಳ್ಳುವ ಕರಡಿಯೊಂದಿತ್ತು. "ಮನಸ್ಸು ಮಾಡಿದರೆ ನಾಳೆಯೇ ಬಿಡಬಲ್ಲೆ" ಎಂದು ಹೆಂಡತಿಯೆದುರು ದಿನವೂ ಆಣೆ ಮಾಡುತ್ತಿತ್ತು. ಸಂಜೆಯಾದರೆ ಕಾಲುಗಳು ತಾವಾಗಿಯೇ ಮರದತ್ತ ಹೊರಳುತ್ತಿದ್ದವು. ಒಮ್ಮೆ ಅದು ತೂರಾಡುತ್ತ ಗವಿಗೆ ಬಂದಾಗ ಮರಿಗಳು ಹೆದರಿ ತಾಯಿಯ ಹಿಂದೆ ಅಡಗಿದವು. ಆ ರಾತ್ರಿ ಕರಡಿ ಗವಿಯ ಹೊರಗೇ ಮಲಗಿತು.

ಮರುದಿನ ನೆರೆಯ ಮುಳ್ಳುಹಂದಿಯ ಬಳಿ ಹೋಗಿ, "ಅಣ್ಣಾ, ಸುಳ್ಳು ಹೇಳಿ ಸಾಕಾಯಿತು. ಆ ಹೂವಿನ ಮುಂದೆ ನನ್ನ ಬಲವೇನೂ ನಡೆಯದು" ಎಂದಿತು.

ಮುಳ್ಳುಹಂದಿ ನಕ್ಕಿತು. "ನನ್ನದೂ ನಡೆಯಲಿಲ್ಲ ತಮ್ಮಾ. ಅದನ್ನು ಒಪ್ಪಿಕೊಂಡ ಮೇಲೆಯೇ ಸಂಜೆ ಮರದತ್ತ ಹೋಗುವ ಬದಲು ಹೊಳೆಯ ದಾರಿ ಹಿಡಿದೆ. ಬಾ, ಇವತ್ತು ಜೊತೆಯಾಗಿ ಹೋಗೋಣ."

ಸಂಜೆ ಎರಡೂ ಹೊಳೆಯ ತಣ್ಣನೆಯ ನೀರು ಕುಡಿದು, ಕವಳಿಹಣ್ಣು ಮೆಲ್ಲುತ್ತ, ಹರಟುತ್ತ ಮರಳಿದವು. ನೆಟ್ಟಗೆ ನಡೆದು ಬರುತ್ತಿದ್ದ ಅಪ್ಪನನ್ನು ಕಂಡದ್ದೇ ತಡ, ಮರಿಗಳು ಓಡಿಬಂದು ಬೆನ್ನೇರಿದವು.